ಒಳ್ಳೆ ಕೆಲಸಗಾರರು ಬಿಟ್ಟು ಹೋಗದಿರಲು ಕೆಲಸದ ವೇಳೆ ಸಡಿಲಿಸುವುದು ಹೇಗೆ? ಸಣ್ಣ ಆಫೀಸಿನವರಿಗೆ ಒಂದು ಮಾರ್ಗದರ್ಶಿ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಲೆಕ್ಕಪತ್ರದ ಆಫೀಸಿದೆ. ಒಟ್ಟು 14 ಜನ. ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆಗಳ ಜಿಎಸ್‌ಟಿ, ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಡುವ ತೆರಿಗೆ), ಸಂಬಳದ ಲೆಕ್ಕ ನೋಡಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ, 7 ವರ್ಷ ನಮ್ಮ ಜೊತೆಗಿದ್ದ ಒಬ್ಬ ಹೆಣ್ಣುಮಗಳು ಕೆಲಸ ಬಿಟ್ಟರು. ಬಿಡುವ ಮೂರು ತಿಂಗಳ ಮೊದಲು ನನ್ನ ಟೇಬಲ್ ಹತ್ತಿರ ಬಂದು, "ಸರ್, ಬೆಳಿಗ್ಗೆ ಎಂಟಕ್ಕ ಬರ್ತೇನ್ರಿ, ನಾಲ್ಕೂವರೆಗೆ ಹೋಗ್ಲಿಕ್ಕೆ ಬಿಡ್ತೀರೇನು?" ಎಂದು ಕೇಳಿದ್ದರು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. "ನೋಡೋಣ ತಗೋರಿ" ಎಂದೆ. ಒಂದು ತಿಂಗಳು ಬಿಟ್ಟು ಮತ್ತೆ ಕೇಳಿದರು. ಮತ್ತೆ ಅದೇ ಮಾತು ಹೇಳಿದೆ. ಮೂರನೇ ಸಲ ಬಂದಾಗ ಕೈಯಲ್ಲಿ ರಾಜೀನಾಮೆ ಪತ್ರ ಇತ್ತು. ಸಂಬಳ ಜಾಸ್ತಿ ಮಾಡುತ್ತೇನೆ ಎಂದೆ. "ರೊಕ್ಕದ ಮಾತಲ್ರಿ ಸರ್" ಎಂದರು, ಅಷ್ಟೇ.

ಅವರ ಜಾಗಕ್ಕೆ ಬಂದ ಹುಡುಗ ಜಾಣನೇ. ಆದರೂ ಯಾವ ಅಂಗಡಿಯವರು ಬಿಲ್ಲುಗಳನ್ನು ಚೀಲದಲ್ಲಿ ತುಂಬಿ ತಂದು ಹಾಕುತ್ತಾರೆ, ಯಾರಿಗೆ ಎರಡು ಸಲ ಫೋನ್ ಮಾಡಿದರೆ ಮಾತ್ರ ಓಟಿಪಿ ಸಿಗುತ್ತದೆ ಎಂಬುದೆಲ್ಲ ಗೊತ್ತಾಗಲು ಅವನಿಗೆ ಆರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಇಬ್ಬರು ಹಳೇ ಗಿರಾಕಿಗಳು ಬೇರೆ ಕಡೆ ಹೋಗಿದ್ದರು.

ಆ ಮೇಲೆ ನಮ್ಮ ಆಫೀಸಿನ ವೇಳೆಯನ್ನು ಒಂದೊಂದೇ ಹೆಜ್ಜೆ ಬದಲಾಯಿಸಿದೆವು. ಅದರಲ್ಲಿ ನನಗೆ ಗಟ್ಟಿಯಾಗಿ ಗೊತ್ತಾದದ್ದು ಒಂದೇ. ಆಗಾಗ "ಇವತ್ತು ಬೇಗ ಹೋಗಿ ಪರವಾಗಿಲ್ಲ" ಎಂದು ಬಿಡುವುದರಿಂದ ಯಾರೂ ಉಳಿಯುವುದಿಲ್ಲ. ನಾಳೆ ಬಿಡುತ್ತಾರೋ ಇಲ್ಲವೋ ಎಂಬ ಚಿಂತೆ ಅವರಿಗೆ ಇದ್ದೇ ಇರುತ್ತದೆ. ಮಗುವನ್ನು ಕರೆತರುವವರು, ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವರು ಇಡೀ ತಿಂಗಳ ಏರ್ಪಾಡು ಮಾಡಿಕೊಳ್ಳಬೇಕು. ನಾವು ಕೊಡುವ ವೇಳೆ ಅವರು ನಂಬಿ ಕೂರುವಂತಿರಬೇಕು.

ಇದಕ್ಕೆ ಒಳ್ಳೆಯ ಪುರಾವೆಯೂ ಇದೆ. ಚೀನಾದ ಟ್ರಿಪ್ ಡಾಟ್ ಕಾಮ್ ಎಂಬ ಪ್ರವಾಸ ಕಂಪನಿಯಲ್ಲಿ 1,612 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಹುಟ್ಟಿದ ತಾರೀಖು ಸಮವೋ ಬೆಸವೋ ನೋಡಿ ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರದ 5 ದಿನವೂ ಆಫೀಸಿಗೆ. ಇನ್ನೊಂದು ಗುಂಪಿಗೆ ಬುಧವಾರ, ಶುಕ್ರವಾರ ಮನೆಯಿಂದ ಕೆಲಸ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಯವರು ಅದರ ಫಲಿತಾಂಶವನ್ನು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡು ದಿನ ಮನೆಯಿಂದ ಮಾಡಿದ ಗುಂಪಿನಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗದಷ್ಟು ಇಳಿಯಿತು. ಕೆಲಸದ ಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹೆಂಗಸರು, ಮ್ಯಾನೇಜರ್ ಅಲ್ಲದವರು, ದೂರದಿಂದ ಬರುವವರು, ಇವರಲ್ಲೇ ಉಳಿದುಕೊಂಡವರು ಜಾಸ್ತಿ. ಇಲ್ಲೂ ದಿನಗಳು ಮೊದಲೇ ಗೊತ್ತಿದ್ದವು ನೋಡಿ. ಬುಧವಾರ ಎಂದರೆ ಬುಧವಾರ.

ಮೊದಲ ಹೆಜ್ಜೆ: ಬಿಡುವ ಮೊದಲು ಕೇಳಿ

ಬಹಳ ಕಡೆ ಜನರನ್ನು ಕೂರಿಸಿ ಮಾತಾಡಿಸುವುದು ಅವರು ರಾಜೀನಾಮೆ ಕೊಟ್ಟ ಮೇಲೆ. ಆಗ ಯಾರೂ ನಿಜ ಹೇಳುವುದಿಲ್ಲ. "ಮನೆ ಕಡೆ ಸ್ವಲ್ಪ ತೊಂದರೆ" ಎಂದು ಮುಗಿಸುತ್ತಾರೆ. ಈಗಲೇ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಹತ್ತು ಹದಿನೈದು ಜನರ ಆಫೀಸಾದರೆ ಒಂದು ವಾರದಲ್ಲಿ ಮುಗಿಯುತ್ತದೆ.

ನಾನು ಕೇಳಿದ ಪ್ರಶ್ನೆಗಳು ಇಷ್ಟೇ. ಬೆಳಿಗ್ಗೆ ಎಷ್ಟಕ್ಕೆ ಮನೆ ಬಿಡುತ್ತೀರಿ, ಹೇಗೆ ಬರುತ್ತೀರಿ? ದಿನದಲ್ಲಿ ಯಾವ ಹೊತ್ತು ನಿಮಗೆ ತೀರಾ ಕಷ್ಟ? ವಾರದಲ್ಲಿ ಯಾವ ದಿನ? ಮನೆಯಲ್ಲಿ ಮಾಡಬಹುದಾದ ಕೆಲಸ ನಿಮ್ಮ ಹತ್ತಿರ ಏನಿದೆ? ಮನೆ ವಿಚಾರವನ್ನು ಕೆದಕಿ ಕೇಳಬೇಡಿ. ಹೊತ್ತು ಕೇಳಿ, ಕಾರಣ ಅವರೇ ಹೇಳಿದರೆ ಕೇಳಿಸಿಕೊಳ್ಳಿ.

ಉತ್ತರಗಳಲ್ಲಿ ನಾನು ಎಣಿಸದೇ ಇದ್ದದ್ದು ಬಸ್ಸಿನ ವಿಚಾರ. ನಮ್ಮಲ್ಲಿ ಕುಂದಗೋಳ, ಕಲಘಟಗಿ ಕಡೆಯಿಂದ ಬರುವವರಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿಯಿತು, ಅದು ದೊಡ್ಡ ಅನುಕೂಲ. ಆದರೆ ಆಫೀಸಿನ ಹೊತ್ತಿನ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಒಂದೂವರೆ ಗಂಟೆ ಮೊದಲಿನ ಬಸ್ಸಿನಲ್ಲಿ ಆರಾಮಾಗಿ ಕೂತು ಬರಬಹುದು. ಆ ಬಸ್ಸಿಗೆ ಬಂದವರು ನಮ್ಮ ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರಂತೆ. ಒಂದು ದಿನವೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಶಟರಿನ ಬೀಗಕ್ಕೆ ಇನ್ನೆರಡು ಕೀ ಮಾಡಿಸಿದೆವು. ನಮ್ಮ ಮೊದಲ ಬದಲಾವಣೆ ಇದೇ.

ಎರಡನೇ ಹೆಜ್ಜೆ: ಕೆಲಸವನ್ನು ಕ್ಯಾಲೆಂಡರಿನ ಮೇಲೆ ಇಡಿ

ಇದು ಎಲ್ಲಕ್ಕಿಂತ ಮುಖ್ಯ ಹೆಜ್ಜೆ, ಇಲ್ಲಿ ಅವಸರ ಬೇಡ. ಗೋಡೆಗೆ ಹಾಕುವ ದೊಡ್ಡ ಕ್ಯಾಲೆಂಡರ್ ತಗೊಂಡು, ಎಲ್ಲರೂ ಇರಲೇಬೇಕಾದ ದಿನಗಳಿಗೆ ಕೆಂಪು ಸುತ್ತು ಹಾಕಿ.

ನಮ್ಮ ಕಸುಬಿನಲ್ಲಿ ಅದು ಸುಲಭ. ಏಪ್ರಿಲ್ ಒಂದು ಬಿಟ್ಟರೆ ಪ್ರತಿ ತಿಂಗಳು 7ನೇ ತಾರೀಖಿಗೆ ಟಿಡಿಎಸ್ ಕಟ್ಟಬೇಕು. ತಿಂಗಳ ಲೆಕ್ಕ ಕೊಡುವ ಗಿರಾಕಿಗಳ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ ಕೊಡುವ ರಿಟರ್ನ್, 11ಕ್ಕೆ. ಪಿಎಫ್, ಇಎಸ್‌ಐ 15ಕ್ಕೆ. ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ 20ಕ್ಕೆ. ಜುಲೈ ಮತ್ತು ಸೆಪ್ಟೆಂಬರ್ ಆದಾಯ ತೆರಿಗೆಯ ಓಡಾಟದ ತಿಂಗಳು. ಇಷ್ಟನ್ನು ಗುರುತು ಮಾಡಿದ ಮೇಲೆ ಉಳಿದ ಖಾಲಿ ಚೌಕಗಳನ್ನು ನೋಡಿ ನನಗೇ ಆಶ್ಚರ್ಯ ಆಯಿತು. 21ರಿಂದ ತಿಂಗಳ ಕೊನೆಯವರೆಗೆ ಅಷ್ಟೂ ಜನ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಕುರ್ಚಿಯಲ್ಲಿ ಕೂತಿರಬೇಕು ಎನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ.

ನಿಮ್ಮ ಕಸುಬಿಗೂ ಇಂಥ ದಿನಗಳು ಇದ್ದೇ ಇರುತ್ತವೆ. ಬಟ್ಟೆ ಅಂಗಡಿಗೆ ದೀಪಾವಳಿ ಮತ್ತು ಮದುವೆ ದಿನಗಳು. ಪ್ರಿಂಟಿಂಗ್ ಪ್ರೆಸ್ಸಿಗೆ ಜನವರಿಗೆ ಮೊದಲಿನ ಕ್ಯಾಲೆಂಡರ್, ಡೈರಿ ಕೆಲಸ. ಕೋಚಿಂಗ್ ಕ್ಲಾಸಿಗೆ ಪರೀಕ್ಷೆಗೆ ಮೊದಲಿನ ತಿಂಗಳು.

ದಿನಗಳಾದ ಮೇಲೆ ಕೆಲಸಗಳನ್ನು ಬಿಡಿಸಿ. "ಅಕೌಂಟೆಂಟ್ ಕೆಲಸ ಮನೆಯಿಂದ ಆಗುತ್ತಾ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅವರ ದಿನವನ್ನು ಬಿಡಿ ಬಿಡಿಯಾಗಿ ನೋಡಬೇಕು. ಗಿರಾಕಿ ತಂದ ಕಾಗದದ ಬಿಲ್ಲುಗಳನ್ನು ಜೋಡಿಸುವುದು ಆಫೀಸಿನಲ್ಲೇ ಆಗಬೇಕು. ಡಿಜಿಟಲ್ ಸಹಿಯ ಟೋಕನ್ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುತ್ತೇವೆ, ಅದನ್ನು ಮನೆಗೆ ಕಳಿಸುವ ಹಾಗಿಲ್ಲ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಂಟ್ರಿ ಹಾಕುವುದು, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವುದು, ಗಿರಾಕಿಗೆ ಫೋನ್ ಮಾಡಿ ಬಾಕಿ ಬಿಲ್ ಕೇಳುವುದು ಎಲ್ಲಿಂದಲಾದರೂ ಆದೀತು. ಹೀಗೆ ಬರೆದಾಗ ನಮ್ಮ 14 ಜನರಲ್ಲಿ 9 ಜನರಿಗೆ ವಾರಕ್ಕೆ ಒಂದು ದಿನದಷ್ಟಾದರೂ ಮನೆಯಿಂದ ಮಾಡಬಹುದಾದ ಕೆಲಸ ಸಿಕ್ಕಿತು.

ಮೂರನೇ ಹೆಜ್ಜೆ: ಯಾವ ಸಡಿಲಿಕೆ ಯಾರಿಗೆ

ಫ್ಲೆಕ್ಸಿಬಲ್ ಟೈಮಿಂಗ್ ಎಂದ ಕೂಡಲೇ ಎಲ್ಲರೂ ವರ್ಕ್ ಫ್ರಮ್ ಹೋಮ್ ಎಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಮೊದಲು ಮುಟ್ಟಬೇಕಾದದ್ದು ಬರುವ, ಹೋಗುವ ಹೊತ್ತು. ಇದಕ್ಕೆ ಖರ್ಚಿಲ್ಲ. ಲ್ಯಾಪ್‌ಟಾಪ್ ಬೇಡ, ಯುಪಿಎಸ್ ಬೇಡ. ನಮ್ಮಲ್ಲಿ ಬೆಳಿಗ್ಗೆ 8ರಿಂದ 10.30ರ ಒಳಗೆ ಯಾವಾಗ ಬೇಕಾದರೂ ಬರಬಹುದು, ಆದರೆ ಒಮ್ಮೆ ಆರಿಸಿದ ಹೊತ್ತು ಆ ಮೂರು ತಿಂಗಳಿಗೆ ಖಾಯಂ. 11ರಿಂದ 4ರವರೆಗೆ ಎಲ್ಲರೂ ಇರಲೇಬೇಕು. ಗಿರಾಕಿಗಳ ಭೇಟಿ, ಒಟ್ಟಿಗೆ ಕೂತು ಮಾತಾಡುವುದು ಎಲ್ಲ ಆ ವೇಳೆಯಲ್ಲೇ. ಇನ್ನೊಂದು ಲಾಭ ನಾವು ಕೇಳದೆಯೇ ಬಂತು. ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಯಾರಾದರೊಬ್ಬರು ಆಫೀಸಿನಲ್ಲಿ ಇರುವಂತಾಯಿತು. ಅಂಗಡಿ ತೆರೆಯುವ ಮೊದಲೇ ಬಿಲ್ ಕೊಟ್ಟು ಹೋಗುವ ಗಿರಾಕಿಗಳಿಗೆ ಅದು ಬಹಳ ಇಷ್ಟವಾಯಿತು.

ಮನೆಯಿಂದ ಕೆಲಸಕ್ಕೆ ಸ್ವಲ್ಪ ತಯಾರಿ ಬೇಕು. ಕಂಪನಿಯ ಲ್ಯಾಪ್‌ಟಾಪ್ ಕೊಡಿ, ಸ್ವಂತದ್ದು ಬಳಸಲು ಬಿಡಬೇಡಿ. ಗಿರಾಕಿಗಳ ಪಾಸ್‌ವರ್ಡ್ ವಾಟ್ಸಾಪಿನಲ್ಲಿ ಹೋಗಬಾರದು. ಓಟಿಪಿಗೆ ಗಿರಾಕಿಯನ್ನು ಕೇಳುವುದು ಒಬ್ಬರೇ ಆಗಿರಲಿ, ಇಲ್ಲದಿದ್ದರೆ ಅವರಿಗೆ ದಿನಕ್ಕೆ ನಾಲ್ಕು ಜನ ಫೋನ್ ಮಾಡುತ್ತಾರೆ. ಮನೆಯಲ್ಲಿ ಕರೆಂಟ್ ಹೋದರೆ ಏನು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಎರಡು ಗಂಟೆಗಿಂತ ಜಾಸ್ತಿ ಹೋದರೆ ಆಫೀಸಿಗೆ ಬನ್ನಿ, ಇಲ್ಲವೇ ಆ ಹೊತ್ತನ್ನು ಸಂಜೆ ತುಂಬಿಸಿ ಎಂದು ನಾವು ಇಟ್ಟುಕೊಂಡಿದ್ದೇವೆ.

ಪೂರ್ತಿ ವಾರ ಮನೆಯಿಂದ ಎಂಬುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಮೇಲೆ ಹೇಳಿದ ಕಂಪನಿಯೇ ಹಿಂದೆ, ಅದರ ಹೆಸರು ಸಿಟ್ರಿಪ್ ಎಂದಿದ್ದಾಗ, ಶಾಂಘೈನ ಕಾಲ್ ಸೆಂಟರಿನಲ್ಲಿ ವಾರಕ್ಕೆ 4 ದಿನ ಮನೆಯಿಂದ ಕೆಲಸ ಕೊಟ್ಟು 9 ತಿಂಗಳು ನೋಡಿತ್ತು. ಕೆಲಸ ಶೇ 13ರಷ್ಟು ಹೆಚ್ಚಾಯಿತು, ಬಿಡುವವರು ಅರ್ಧಕ್ಕೆ ಇಳಿದರು. ಆದರೂ ಪ್ರಯೋಗ ಮುಗಿದ ಮೇಲೆ ಆರಿಸಿಕೊಳ್ಳಿ ಎಂದಾಗ ಹೆಚ್ಚುಕಡಿಮೆ ಅರ್ಧ ಜನ ಆಫೀಸಿಗೇ ವಾಪಸ್ ಬಂದರು. ಮನೆಯಲ್ಲಿ ಒಂಟಿತನ ಕಾಡಿತ್ತು. ನಮ್ಮ ಕಡೆ ಒಂಟಿತನಕ್ಕಿಂತ ಗದ್ದಲ ಜಾಸ್ತಿ. ಎರಡು ಕೋಣೆಯ ಮನೆಯಲ್ಲಿ ಆರು ಜನ ಇದ್ದರೆ ಎಲ್ಲಿ ಕೂತು ಎಂಟ್ರಿ ಹಾಕುವುದು? ಅದಕ್ಕೇ ಮನೆಯಿಂದ ಕೆಲಸ ಬೇಕು ಎಂದವರಿಗೆ ಮಾತ್ರ ಕೊಡಿ, ಎಲ್ಲರ ಮೇಲೂ ಹೇರಬೇಡಿ.

ಅರ್ಧ ದಿನದ ಕೆಲಸ ಮೂರನೆಯದು. ಹೆರಿಗೆಯಾಗಿ ಬಂದವರಿಗೆ, ವಯಸ್ಸಾದ ತಂದೆ ತಾಯಿ ನೋಡಿಕೊಳ್ಳುವವರಿಗೆ ಒಂದು ವರ್ಷದ ಮಟ್ಟಿಗೆ ಇದು ಆಸರೆ. ಸಂಬಳ ಹೊತ್ತಿಗೆ ತಕ್ಕಂತೆ ಇಳಿಸುತ್ತೀರಲ್ವಾ, ಹಾಗೇ ಗಿರಾಕಿಗಳ ಸಂಖ್ಯೆಯನ್ನೂ ಇಳಿಸಿ. ಅರ್ಧ ಸಂಬಳಕ್ಕೆ ಮುಕ್ಕಾಲು ಕೆಲಸ ಮಾಡಿಸಿಕೊಂಡರೆ ಅವರು ಆರು ತಿಂಗಳಲ್ಲಿ ಹೋಗುತ್ತಾರೆ. ಹೋಗುವುದು ನ್ಯಾಯವೂ ಹೌದು.

ಮನೆಯಿಂದ ಮಾಡಲಾಗದವರನ್ನು ಮರೆಯಬೇಡಿ

ಇದನ್ನು ಹೆಜ್ಜೆಗಳ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿಯೇ ಹೇಳುತ್ತೇನೆ. ಬೆಳಿಗ್ಗೆ ಶಟರ್ ತೆಗೆಯುವವರು, ಗಿರಾಕಿಗಳ ಹತ್ತಿರ ಹೋಗಿ ಬಿಲ್ ತರುವ ಹುಡುಗ, ಮುಂದಿನ ಟೇಬಲ್ಲಿನಲ್ಲಿ ಕೂರುವವರು, ಇವರಿಗೆ ಮನೆಯಿಂದ ಕೆಲಸ ಎಂಬುದೇ ಇಲ್ಲ. ಟ್ಯಾಲಿಯವರಿಗೆ ಮಾತ್ರ ಗುರುವಾರ ಮನೆಯಿಂದ ಎಂದರೆ ಉಳಿದವರಿಗೆ ನೋವಾಗುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ನಾವು ಅವರಿಗೆ ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನದ ಮೇಲೆ ಬಿಡುವು ಕೊಟ್ಟೆವು. ತಮ್ಮ ತಮ್ಮಲ್ಲೇ ದಿನ ಅದಲು ಬದಲು ಮಾಡಿಕೊಳ್ಳುವ ಸ್ವಾತಂತ್ರ್ಯವೂ ಇದೆ. ಹಿಂದಿನ ದಿನ ಪುಸ್ತಕದಲ್ಲಿ ಬರೆದರೆ ಸಾಕು, ನನ್ನ ಅಪ್ಪಣೆ ಬೇಕಿಲ್ಲ. ಗಾರ್ಮೆಂಟ್ ಘಟಕ, ಆಸ್ಪತ್ರೆ, ಪೆಟ್ರೋಲ್ ಬಂಕ್ ನಡೆಸುವವರಿಗೆ ಇದೇ ಮುಖ್ಯ ದಾರಿ. ಪಾಳಿಯ ಪಟ್ಟಿಯನ್ನು ಎರಡು ವಾರ ಮೊದಲೇ ಹಾಕುವುದು, ಸಮಾನ ಕೆಲಸದವರು ಪಾಳಿ ಬದಲಿಸಿಕೊಳ್ಳಲು ಬಿಡುವುದು. ಪಾಳಿ ನಾಳೆ ಏನೆಂದು ಇವತ್ತು ರಾತ್ರಿ ಗೊತ್ತಾಗುವ ಕಡೆ ಯಾರು ನಿಲ್ಲುತ್ತಾರೆ?

ನಾಲ್ಕನೇ ಹೆಜ್ಜೆ: ಕಾನೂನು ಒಮ್ಮೆ ನೋಡಿಕೊಳ್ಳಿ

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಂತೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ಅದಕ್ಕಿಂತ ಜಾಸ್ತಿ ದುಡಿಸಿಕೊಂಡರೆ ಆ ಹೆಚ್ಚಿನ ಹೊತ್ತಿಗೆ ಎರಡರಷ್ಟು ಸಂಬಳ. ಮನೆಯಿಂದ ಮಾಡಿದರೂ ಕೆಲಸ ಕೆಲಸವೇ, ಅದನ್ನೂ ಹಾಜರಿ ಪುಸ್ತಕದಲ್ಲಿ ಬರೆಯಿರಿ. "ನಾಲ್ಕು ದಿನ ಹನ್ನೆರಡು ಗಂಟೆ ಮಾಡಿ ಮೂರು ದಿನ ರಜೆ" ಎಂಬ ಏರ್ಪಾಡು ಕೇಳಲು ಚೆನ್ನಾಗಿದೆ. ಈ ಮಿತಿಯಲ್ಲಿ ಅದು ಕೂರುವುದಿಲ್ಲ.

ಹೆರಿಗೆ ವಿಚಾರ ಬಹಳ ಜನ ಮಾಲೀಕರಿಗೆ ಅರ್ಧ ಮಾತ್ರ ಗೊತ್ತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಎಂಬುದು ಗೊತ್ತಿರುತ್ತದೆ. ಆ ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಮಾಲೀಕರೂ ತಾಯಿಯೂ ಮಾತಾಡಿಕೊಂಡು ಮನೆಯಿಂದ ಕೆಲಸದ ಏರ್ಪಾಡು ಮಾಡಬಹುದು ಎಂಬುದೂ ಆ ತಿದ್ದುಪಡಿಯಲ್ಲೇ ಬಂತು. ರಜೆಗೆ ಹೋಗುವ ಮೊದಲೇ ನೀವಾಗಿ ಈ ಮಾತು ಎತ್ತಿ. 50 ಅಥವಾ ಹೆಚ್ಚು ಜನ ಇದ್ದರೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಷ್ ವ್ಯವಸ್ಥೆಯೂ ಇರಬೇಕು, ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿ ಬರಬಹುದು.

ಐದನೇ ಹೆಜ್ಜೆ: ಒಂದು ಪುಟದ ಚೀಟಿ

ಬಾಯಿ ಮಾತು ಸಾಲದು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 6ರಿಂದ ಒಂದು ನಿಯಮ ಇದೆ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಯಾರು ಬೇಕಾದರೂ ವೇಳೆ ಬದಲಿಸಿ ಎಂದು ಅರ್ಜಿ ಕೊಡಬಹುದು, ಮಾಲೀಕರು 2 ತಿಂಗಳೊಳಗೆ ತೀರ್ಮಾನ ಹೇಳಬೇಕು. ಆಗುವುದಿಲ್ಲ ಎನ್ನುವ ಮೊದಲು ಅವರ ಜೊತೆ ಮಾತಾಡಲೇಬೇಕು. ನಮ್ಮಲ್ಲಿ ಅಂಥ ಕಾನೂನು ಇಲ್ಲ, ಆದರೆ ಆ ಪದ್ಧತಿ ತಂದುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ನಮ್ಮದು ಸಣ್ಣ ಆಫೀಸು, ಹಾಗಾಗಿ 15 ದಿನದೊಳಗೆ ಉತ್ತರ ಎಂದು ಇಟ್ಟುಕೊಂಡಿದ್ದೇವೆ. "ನೋಡೋಣ" ಎಂಬುದು ಉತ್ತರ ಅಲ್ಲ ಎಂದು ನಾನು ದುಬಾರಿ ಬೆಲೆ ಕೊಟ್ಟು ಕಲಿತಿದ್ದೇನೆ.

ನಮ್ಮ ಚೀಟಿ ಹೀಗಿರುತ್ತದೆ, ಬೇಕಾದರೆ ಹಾಗೇ ಬಳಸಿಕೊಳ್ಳಿ:

"ನವೆಂಬರ್ 1ರಿಂದ ಜನವರಿ 31ರವರೆಗೆ ನಿಮ್ಮ ಕೆಲಸದ ವೇಳೆ ಬೆಳಿಗ್ಗೆ 8ರಿಂದ ಸಂಜೆ 4.30. ಮಧ್ಯೆ ಊಟಕ್ಕೆ 1 ಗಂಟೆ ಬಿಡುವು. ಗುರುವಾರ ಮನೆಯಿಂದ ಕೆಲಸ. ಗುರುವಾರ 7, 10, 11, 19 ಅಥವಾ 20ನೇ ತಾರೀಖಿಗೆ ಬಿದ್ದರೆ ಆಫೀಸಿಗೆ ಬರಬೇಕು, ಅದರ ಬದಲು ಅದೇ ತಿಂಗಳ ಕೊನೆಯ ವಾರದಲ್ಲಿ ಒಂದು ದಿನ ಮನೆಯಿಂದ ಮಾಡಬಹುದು. ಸಂಬಳ, ರಜೆ, ಪಿಎಫ್, ಇಎಸ್‌ಐ ಮೊದಲಿನಂತೆ. ವೇಳೆ ಬದಲಿಸಬೇಕಾದರೆ ಯಾರೇ ಆಗಲಿ 15 ದಿನ ಮೊದಲು ಹೇಳಬೇಕು. ಜನವರಿ ಕೊನೆ ವಾರ ಕೂತು ಮುಂದಿನದು ನಿರ್ಧರಿಸೋಣ."

ಕೆಳಗೆ ಇಬ್ಬರ ಸಹಿ. "ಯಾರೇ ಆಗಲಿ" ಎಂಬ ಮಾತು ಗಮನಿಸಿ. ಗಿರಾಕಿಯೊಬ್ಬರು ಅವಸರ ಮಾಡಿದರು ಎಂದು ನಾಳೆ ಗುರುವಾರ ಬಂದುಬಿಡಿ ಎನ್ನಲು ನನಗೂ ಬರುವುದಿಲ್ಲ. ಮೊದಲ ತಿಂಗಳು ಎರಡು ಸಲ ನನ್ನ ಕೈ ಫೋನಿನ ಮೇಲೆ ಹೋಗಿ ವಾಪಸ್ ಬಂದಿದೆ.

ಆರನೇ ಹೆಜ್ಜೆ: ಮೂರು ತಿಂಗಳು ನೋಡಿ, ಸರಿಯಾದದ್ದನ್ನು ಅಳೆಯಿರಿ

ಮನೆಯಲ್ಲಿ ಇರುವವರ ಹೆಸರಿನ ಪಕ್ಕ ಆನ್‌ಲೈನ್ ಎಂಬ ಹಸಿರು ದೀಪ ಉರಿಯುತ್ತಿದೆಯಾ, ಮೌಸ್ ಅಲುಗಾಡುತ್ತಿದೆಯಾ ಎಂದು ನೋಡಬೇಡಿ. ತಾರೀಖು ತಪ್ಪಿದ ರಿಟರ್ನ್ ಎಷ್ಟು, ತಿದ್ದಬೇಕಾಗಿ ಬಂದ ಎಂಟ್ರಿ ಎಷ್ಟು, ಗಿರಾಕಿಗಳ ದೂರು ಎಷ್ಟು, ಕೊನೇ ಗಳಿಗೆಯಲ್ಲಿ ಹಾಕಿದ ರಜೆ ಎಷ್ಟು. ಈ ನಾಲ್ಕನ್ನು ಬದಲಾವಣೆಗೆ ಮೊದಲಿನ ಮೂರು ತಿಂಗಳಿಗೂ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ನಮ್ಮಲ್ಲಿ ಎದ್ದು ಕಂಡ ಬದಲಾವಣೆ ಕೊನೇದು. ಮಗಳ ಶಾಲೆಯ ಸಭೆ, ಬ್ಯಾಂಕಿನ ಕೆಲಸ ಎಂದು ಪೂರ್ತಿ ದಿನ ರಜೆ ಹಾಕುತ್ತಿದ್ದವರು ನಾಲ್ಕೂವರೆ ಮೇಲೆ ಆ ಕೆಲಸ ಮುಗಿಸಿಕೊಳ್ಳತೊಡಗಿದರು.

ಜನರ ಮೇಲೆ ಉಸ್ತುವಾರಿ ಮಾಡುವವರನ್ನು ಈ ಹೊತ್ತಿನಲ್ಲಿ ಜೊತೆಗೆ ಇಟ್ಟುಕೊಳ್ಳಿ. ಟ್ರಿಪ್ ಡಾಟ್ ಕಾಮ್ ಪ್ರಯೋಗ ಶುರುವಾಗುವ ಮೊದಲು ಅಲ್ಲಿನ ಮ್ಯಾನೇಜರುಗಳು ಕೆಲಸ ಕಡಿಮೆ ಆಗುತ್ತದೆ ಎಂದೇ ಎಣಿಸಿದ್ದರು, ಮುಗಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡರು. ನಮ್ಮ ಹಿರಿಯ ಅಕೌಂಟೆಂಟರಿಗೂ ಹಾಗೇ ಆಯಿತು. ಅವರ ಜೊತೆ ವಾದ ಮಾಡಿ ಒಪ್ಪಿಸಲು ಹೋಗಬಾರದಿತ್ತು, ಮೂರು ತಿಂಗಳ ಪಟ್ಟಿ ಮುಂದಿಟ್ಟಾಗ ತಾವೇ ಒಪ್ಪಿದರು.

ಎರಡು ಕಡೆ ಎಚ್ಚರ ಬೇಕು. ಒಂದು, ರಾತ್ರಿಯ ಮೆಸೇಜ್. ಬೇಗ ಬಂದು ಬೇಗ ಹೋದವರಿಗೆ ಸಂಜೆ ಏಳಕ್ಕೆ ಫೋನ್ ಮಾಡಿದರೆ ಕೊಟ್ಟದ್ದನ್ನು ಕಿತ್ತುಕೊಂಡಂತೆ. ಎರಡು, ಬಡ್ತಿ. ಶಾಂಘೈನ ಆ ಮೊದಲ ಪ್ರಯೋಗದಲ್ಲಿ ಮನೆಯಿಂದ ಮಾಡಿದವರಿಗೆ, ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ, ಬಡ್ತಿ ಸಿಗುವ ಪ್ರಮಾಣ ಕಡಿಮೆ ಇತ್ತು. ಕಣ್ಣ ಮುಂದೆ ಇರುವವರೇ ನೆನಪಾಗುತ್ತಾರೆ. ಸಂಬಳ ಹೆಚ್ಚಿಸುವ ದಿನ ಹೆಸರುಗಳ ಪಟ್ಟಿ ಇಟ್ಟುಕೊಂಡು, ಮನೆಯಿಂದ ಮಾಡುವವರ ಕೆಲಸವನ್ನು ಬೇರೆಯಾಗಿ ಓದಿ ನೋಡಿ.

ಎಲ್ಲರಿಗೂ ಹೂಂ ಎನ್ನಲಾಗುವುದಿಲ್ಲ. ಒಬ್ಬ ಹುಡುಗ ಸೋಮವಾರ, ಶುಕ್ರವಾರ ಎರಡೂ ಮನೆಯಿಂದ ಬೇಕು ಎಂದು ಕೇಳಿದ. ಅವನ ಕೈಯಲ್ಲಿದ್ದದ್ದು ಕಾಗದದ ಬಿಲ್ಲಿನ ಗಿರಾಕಿಗಳೇ. ಈಗ ಆಗುವುದಿಲ್ಲ, ಕಾರಣ ಇದು, ಇವರಲ್ಲಿ ಮೂರು ಜನ ಬಿಲ್ಲುಗಳನ್ನು ಕಂಪ್ಯೂಟರಿನಲ್ಲೇ ಕಳಿಸಲು ಶುರುಮಾಡಿದರೆ ಶುಕ್ರವಾರ ನಿನ್ನದು ಎಂದು ಬರೆದು ಕೊಟ್ಟೆ. ಅವನೇ ಗಿರಾಕಿಗಳ ಹತ್ತಿರ ಹೋಗಿ ಕೂತು, ಫೋನಿನಲ್ಲಿ ಬಿಲ್ ಸ್ಕ್ಯಾನ್ ಮಾಡಿ ಕಳಿಸುವುದನ್ನು ಕಲಿಸಿ ಬಂದ. ನಾಲ್ಕು ತಿಂಗಳಾಯಿತು, ಶುಕ್ರವಾರ ಸಿಕ್ಕಿತು.

ಈ ಚೀಟಿಗಳನ್ನೆಲ್ಲ ನಾವು ಪ್ರತಿ ವರ್ಷ ಮೇ ಕೊನೆ ವಾರದಲ್ಲಿ ಹೊಸದಾಗಿ ತೆಗೆದು ನೋಡುತ್ತೇವೆ. ಶಾಲೆ ಶುರುವಾಗುವ ಹೊತ್ತು ಅದು, ಎಷ್ಟೋ ಮನೆಗಳಲ್ಲಿ ದಿನದ ಲೆಕ್ಕವೇ ಬದಲಾಗಿರುತ್ತದೆ. ಈ ಸಲ ಇಬ್ಬರು ಬೆಳಗಿನ ಹೊತ್ತು ಮುಂದಕ್ಕೆ ಹಾಕಿ ಎಂದರು. ಎರಡು ವರ್ಷದಿಂದ ಗುರುವಾರ ಮನೆಯಿಂದ ಮಾಡುತ್ತಿದ್ದ ಒಬ್ಬರು, "ಅವ್ವ ಆರಾಮ ಆದ್ಲ್ರಿ, ಇನ್ನ ದಿನಾ ಬರ್ತೇನಿ" ಎಂದು ಚೀಟಿ ವಾಪಸ್ ಕೊಟ್ಟರು. ಆ ಗುರುವಾರ ಈಗ ಹೊಸದಾಗಿ ಅಪ್ಪನಾದ ಇನ್ನೊಬ್ಬರ ಹತ್ತಿರ ಇದೆ.